ಎರಡು ಗಿಡ್ಡ, ಒಂದು ಉದ್ದ

"ಇದು ಯಾರಿಗೆ ಹೊಡ್ದಿದ್ದು?"

ತ್ರೋಫಿಮೇನಾ ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಆ ತಾರಸಿಯ ಮೇಲೆ ಯಾರೂ ಇರಲಿಲ್ಲ. ಹಲ್ಲಲ್ಲಿ ಕಚ್ಚಿ ಹಿಡಿದಿದ್ದ ಬಟ್ಟೆ ಕ್ಲಿಪ್ಪು ಬಾಯಿ ತೆರೆದ ಕೂಡಲೇ ಕೆಳಗೆ ಬಿದ್ದು, ಪುಟಿದು, ನಿಂಬೆ ಗಿಡಗಳ ಮೇಲಿನ ಬಲೆಯೊಳಗೆ ಎಲ್ಲೋ ಮಾಯವಾಯಿತು. ಒದ್ದೆ ದುಪ್ಪಟಿ ಅವಳ ಕೈಯಲ್ಲೇ ಉಳಿಯಿತು.

ಕೆಳಗಿನ ರಸ್ತೆಯಿಂದ ಹಾರ್ನಿನ ಸದ್ದು ಮೇಲೆ ಬಂದಿತ್ತು. ಎರಡು ಗಿಡ್ಡ, ಒಂದು ಉದ್ದ.

ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ನೂಲಿನ ಹಾಗೆ ಸಿಕ್ಕಿಕೊಂಡಿರುವ ಆ ರಸ್ತೆಯಲ್ಲಿ ಹಾರ್ನು ಹೊಡೆಯದ ಗಾಡಿಯೇ ಇಲ್ಲ. ಎದುರು ಕಾಣದ ತಿರುವಿಗೆ ಮೊದಲು ಒಂದು ಉದ್ದ. ಆ ಕಡೆಯಿಂದ ಬರುವವನು 'ನೀನೇ ಬಾ' ಎನ್ನಲು ಒಂದು ಗಿಡ್ಡ. ದಾರಿ ಬಿಟ್ಟವನಿಗೆ ಧನ್ಯವಾದ ಹೇಳಲು ಎರಡು. ಆ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಗಲಾಟೆಯಲ್ಲ, ಮಾತು. ಆದರೆ ಎರಡು ಗಿಡ್ಡ ಒಂದು ಉದ್ದ ಎಂಬುದು ರಸ್ತೆಯ ಮಾತಲ್ಲ. ಯಾವ ಡ್ರೈವರೂ ಇನ್ನೊಬ್ಬ ಡ್ರೈವರಿಗೆ ಅದನ್ನು ಹೇಳುವುದಿಲ್ಲ. ಅದು ತ್ರೋಫಿಮೇನಾಳದು. ಅವಳೊಬ್ಬಳದು.

ಹನ್ನೊಂದು ವರ್ಷದ ಹಿಂದೆ, ತನ್ನೂರು ಮಿನೋರಿಯ ತೋಟದಿಂದ ನಿಂಬೆಯ ಬುಟ್ಟಿಯನ್ನು ಹೆಗಲಿಗೇರಿಸಿ ಕತ್ತು ಬಾಗಿಸಿಕೊಂಡು ಇಳಿಯುತ್ತಿದ್ದಾಗ ಮೊದಲ ಸಲ ಅದು ಅವಳ ಕಿವಿಗೆ ಬಿದ್ದಿತ್ತು. ಮಾರನೆಯ ದಿನವೂ ಬಿತ್ತು. ಮೂರನೆಯ ದಿನ ಬಸ್ಸನ್ನೇ ನಿಲ್ಲಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೋಸಿಮೊ ಕೇಳಿದ್ದ: "ನಾನು ಏನು ಹೇಳ್ತಿದ್ದೀನಿ ಅಂತ ಗೊತ್ತಾಯ್ತಾ? ಮೊದಲ್ನೇ ಗಿಡ್ಡ ಮೇ, ಎರಡ್ನೇ ಗಿಡ್ಡ ನಾ, ಉದ್ದದ್ದು ಬಾ. ಮೇ, ನಾ, ಬಾ!" ತ್ರೋಫಿಮೇನಾ ಎಂಬುದರ ಮೊಟಕು ಮೇನಾ. ಬಸ್ಸಿನಲ್ಲಿದ್ದವರೆಲ್ಲ ನಕ್ಕಿದ್ದರು. ಅವಳು ಬುಟ್ಟಿ ಬೀಳುತ್ತದೆಂದು ಕೈ ಎತ್ತಲಿಲ್ಲ, ತಲೆ ಮಾತ್ರ ಆಡಿಸಿದಳು. ಅಲ್ಲಿಂದ ಎರಡು ವರ್ಷಕ್ಕೆ ಮದುವೆ. ಇವತ್ತಿಗೂ ಸಂಜೆ ಐದೂಕಾಲಿಗೆ, ಪರದೇಶದ ಪ್ರವಾಸಿಗಳನ್ನು ಸಲೆರ್ನೊ ಪಟ್ಟಣಕ್ಕೆ ವಾಪಸು ಒಯ್ಯುವ ಅವನ ನೀಲಿ ಬಸ್ಸು ತೋಟದ ಕೆಳಗೆ ಹಾಯುವಾಗ ಆ ಮೂರು ಸದ್ದು ಮೇಲೆ ಬರುತ್ತದೆ. ಮಕ್ಕಳಾಗದ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವುದು ಗಂಡ ಮತ್ತು ಗಂಡನ ಹಾರ್ನು, ಇಬ್ಬರೇ.

ಈಗ ಮಧ್ಯಾಹ್ನ. ಇದು ಮಿನೋರಿಯಲ್ಲ, ಅದೇ ದಂಡೆಯ ಇನ್ನೊಂದು ಊರು ಕೊಂಕಾ. ಅವಳು ಬಂದಿದ್ದದ್ದು ಕಾಲು ಮುರಿದುಕೊಂಡಿರುವ ದೊಡ್ಡಮ್ಮ ರೆಸ್ತಿತೂತಾಳನ್ನು ನೋಡಿಕೊಳ್ಳಲು. ತಾನು ಇಲ್ಲಿದ್ದೇನೆಂದು ಕೋಸಿಮೊಗೆ ಗೊತ್ತೇ ಇಲ್ಲ. ಬೆಳಿಗ್ಗೆ ಅವನು ಹೋದ ಮೇಲೆ ದೊಡ್ಡಮ್ಮನಿಂದ ಕರೆ ಬಂದದ್ದು. ಆದರೂ ಆ ಹಾರ್ನು ಅವನದೇ. ಅದರ ಗಂಟಲು ಕೊನೆಯಲ್ಲಿ ಸ್ವಲ್ಪ ಒಡೆಯುವುದನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು.

"ಏನೇ, ಬಟ್ಟೆ ಒಣಗಾಕೋಕೆ ಹೋದೋಳು ನೀನೇ ಒಣಗ್ತಾ ಇದ್ದೀಯ?" ಒಳಗಿಂದ ದೊಡ್ಡಮ್ಮ ಕೂಗಿದಳು.

ತ್ರೋಫಿಮೇನಾ ಒಳಗೆ ಹೋದಳು. ದೊಡ್ಡಮ್ಮ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ದೊಡ್ಡಮ್ಮ, ಈಗ ಒಂದು ಹಾರ್ನ್ ಕೇಳಿಸ್ತಲ್ಲ..."

"ಎರ್ಮೆಲಿಂದಾಳದಾ? ಅಯ್ಯೋ, ಆಗ್ಲೇ ಹನ್ನೆರಡೂ ಮುಕ್ಕಾಲಾಯ್ತೇ! ಒಲೆ ಮೇಲೆ ನೀರಿಡು."

"ಯಾವ ಎರ್ಮೆಲಿಂದಾ?"

"ಕೆಳಗೆ ಹಸಿರು ಬಾಗಿಲ ಮನೆಯೋಳು. ಗಂಡ ಸತ್ತು ನಾಲ್ಕು ವರ್ಷ ಆಯ್ತು. ಯಾರೋ ಬಸ್ಸಿನೋನು, ಭಾನುವಾರ ಒಂದು ಬಿಟ್ಟು ದಿನಾ ಹೊಡೀತಾನೆ. ಅವಳು ಬಾಗಿಲಿಗೆ ಬಂದು ನಿಲ್ತಾಳೆ." ದೊಡ್ಡಮ್ಮ ಬೀನ್ಸನ್ನು ಟಪ್ಪನೆ ಮುರಿದಳು. "ನಿಮ್ಮ ದೊಡ್ಡಪ್ಪ ಬದುಕಿದ್ದಾಗ ಮನೆಗೆ ಬಂದ್ರೆ ಒಂದು ಕೆಮ್ಮೂ ಕೆಮ್ತಿರ್ಲಿಲ್ಲ. ಅವಳ ಅದೃಷ್ಟ ನೋಡು, ಗಂಡ ಹೋದ್ಮೇಲೂ ಕಹಳೆ ಊದಿಸ್ಕೋತಾಳೆ."

"ಯಾವ ಬಸ್ಸಿನೋನು?"

"ನಂಗೇನು ಗೊತ್ತು? ನಾನು ಕಣ್ಣಿಂದ ನೋಡಿಲ್ಲ, ಕಿವಿಯಿಂದ ಕೇಳಿದ್ದೀನಿ. ಯಾಕೆ, ನಿಂಗೂ ಒಂದು ಹೊಡಿಸ್ಕೊಡ್ಲಾ?"

ತ್ರೋಫಿಮೇನಾ ನೀರಿಟ್ಟಳು. ಉಪ್ಪು ಎರಡು ಸಲ ಬಿತ್ತು. ಊಟದ ಹೊತ್ತಿಗೆ ದೊಡ್ಡಮ್ಮ ಮುಖ ಸಿಂಡರಿಸಿ, "ಸಮುದ್ರಾನೇ ಬಡಿಸಿದ್ದೀಯಲ್ಲೇ," ಎಂದಳು. ಮೂರು ಗಂಟೆಗೆ ಜಪಸರ ಹಿಡಿದು ಕೂತಾಗ ಮೇರಿಮಾತೆಯ ಒಂದೊಂದು ಹೆಸರಿಗೂ 'ನಮಗಾಗಿ ಬೇಡಿಕೋ' ಎಂದು ಹೇಳಬೇಕಾದ ತ್ರೋಫಿಮೇನಾ ಪ್ರತಿ ಸಲವೂ ಒಂದು ಹೆಸರು ಹಿಂದೆ ಬೀಳುತ್ತಿದ್ದಳು. ಅವಳ ಬಾಯಿ ದೇವಮಾತೆಯನ್ನು ಬೇಡುತ್ತಿತ್ತು, ಮನಸ್ಸು ಹಸಿರು ಬಾಗಿಲನ್ನು ಬಡಿಯುತ್ತಿತ್ತು.

ಆ ಸಂಜೆ ಐದೂಕಾಲಿಗೆ ಅವಳು ಮಿನೋರಿಯ ತೋಟದಲ್ಲಿ ನಿಂತಿದ್ದಳು. ಮೇ, ನಾ, ಬಾ. ಅವಳು ತಲೆ ಆಡಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ ಕೇಳಿದಳು: "ಕೊಂಕಾ ದಾಟೋವಾಗ ನೇರ ರಸ್ತೆ ಇದೆಯಲ್ಲ, ಅಲ್ಲಿ ಹಾರ್ನ್ ಹೊಡೀತೀಯಂತೆ?"

ಕೋಸಿಮೊ ರೊಟ್ಟಿಯ ತುಂಡಿನಿಂದ ಎಣ್ಣೆ ಒರೆಸುತ್ತಿದ್ದ. ಕೈ ಒಂದು ಕ್ಷಣ ನಿಂತಿತು, ಮತ್ತೆ ಒರೆಸಿತು. "ಅಲ್ಲೊಂದು ತಿರುವಿದೆ."

"ತಿರುವಿದೆಯಾ?"

"ಸಣ್ಣದು."

ಅಲ್ಲಿ ತಿರುವಿಲ್ಲ. ಆ ಇಡೀ ರಸ್ತೆಯಲ್ಲಿ ಮೂಗು ತೂರಿಸಿದಲ್ಲೆಲ್ಲ ತಿರುವು, ಅಲ್ಲೊಂದು ಕಡೆ ಮಾತ್ರ ಇಲ್ಲ. ಆ ಬೆಳಿಗ್ಗೆಯಷ್ಟೇ ಅವಳು ಅದೇ ರಸ್ತೆಯಲ್ಲಿ ನಡೆದು ದೊಡ್ಡಮ್ಮನ ಮನೆ ಸೇರಿದ್ದಳು. ಅವನು ಇಷ್ಟು ದಡ್ಡ ಸುಳ್ಳು ಹೇಳಿದ್ದೇ ಅವಳಿಗೆ ಹೆಚ್ಚು ಉರಿಯಿತು. ಇಪ್ಪತ್ತೆರಡು ವರ್ಷ ಆ ರಸ್ತೆಯಲ್ಲಿ ಬದುಕಿದವನು ಇಲ್ಲದ ತಿರುವನ್ನು ಇದೆ ಎನ್ನಬೇಕಾದರೆ ಆ ತಿರುವಿನ ಹಿಂದೆ ಏನೋ ಇರಲೇಬೇಕು.

ಮುಂದಿನ ನಾಲ್ಕು ದಿನ ಅವಳು ಬೇರೇನೂ ಯೋಚಿಸಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡವಳಿಗೆ ಉರುವಲು ತಾನಾಗಿ ಸಿಗುತ್ತದೆ. ಈಸ್ಟರಿಗೆ ಕೊಂಡ ಬಿಳಿ ಶರಟು: ಬಸ್ಸು ಓಡಿಸುವವನಿಗೆ ಬಿಳಿ ಯಾಕೆ? ತಲೆಗೆ ಹಚ್ಚುವ ಎಣ್ಣೆ ಬದಲಾಯಿಸಿದ್ದು ಯಾವಾಗ? ಎಲ್ಲಕ್ಕಿಂತ ಮೇಲೆ ಆ ಬದನೆಕಾಯಿ. ಮೂರು ವರ್ಷದಿಂದ ಪ್ರತಿ ಶರತ್ಕಾಲದಲ್ಲೂ ಅವನು ಎಣ್ಣೆಯಲ್ಲಿ ನೆನೆಹಾಕಿದ ಬದನೆಕಾಯಿಯ ಒಂದು ಜಾಡಿ ತರುತ್ತಿದ್ದ. "ನಮ್ಮ ಡ್ರೈವರೊಬ್ಬನ ತಾಯಿ ಕೊಟ್ಟಿದ್ದು," ಎನ್ನುತ್ತಿದ್ದ. ಬೆಳ್ಳುಳ್ಳಿಯನ್ನು ಹೆಚ್ಚದೆ ಇಡಿಯಾಗಿ ಹಾಕಿದ್ದ ಬದನೆಕಾಯಿ. ಅದನ್ನು ಇವಳೇ ಬಾಯಿ ಚಪ್ಪರಿಸಿ ತಿಂದು, "ಆಯಮ್ಮನ ಕೈ ಬಲು ಚೆನ್ನಾಗಿದೆ, ನನ್ನ ಪರವಾಗಿ ಹೇಳು," ಎಂದಿದ್ದಳು! ಹೇಳಿರುತ್ತಾನೆ. ಖಂಡಿತ ಹೇಳಿರುತ್ತಾನೆ. ಇಬ್ಬರೂ ಸೇರಿ ನಕ್ಕಿರುತ್ತಾರೆ. ಸೋಮವಾರ ಅವಳು ಉಳಿದಿದ್ದ ಅರ್ಧ ಜಾಡಿಯನ್ನು ಕೋಳಿಗಳಿಗೆ ಸುರಿದಳು. ಕೋಳಿಗಳೂ ಚಪ್ಪರಿಸಿ ತಿಂದವು.

ಇಗರ್ಜಿಗೆ ಹೋಗಿ ತನ್ನ ಹೆಸರಿನ ಸಂತಳ ಮುಂದೆ ಮಂಡಿಯೂರಿದಳು. ಹೆಸರು ಒಂದೇ ಆದದ್ದರಿಂದ ಅವರಿಬ್ಬರ ನಡುವೆ ಸುತ್ತುಬಳಸಿನ ಮಾತಿರಲಿಲ್ಲ. "ಅವನದೇನೂ ತಪ್ಪಿಲ್ಲ ಅಂತ ತೋರ್ಸು, ನನ್ನ ಮೊಣಕೈ ಉದ್ದದ ಮೇಣದ ಬತ್ತಿ ಹಚ್ತೀನಿ. ತಪ್ಪಿದೆ ಅಂತಾದ್ರೆ ಅವನನ್ನ ನಂಗೆ ಬಿಡು, ನೀನು ಮಧ್ಯೆ ಬರ್ಬೇಡ."

ಮಂಗಳವಾರ ಬೆಳಿಗ್ಗೆ ಬಸ್ಸು ತೋಟದ ಕೆಳಗೆ ಬಂದಾಗ ಅವಳು ರಸ್ತೆಯಲ್ಲೇ ನಿಂತಿದ್ದಳು.

"ನಾನೂ ಪೊಸಿತಾನೊಗೆ ಬರ್ತೀನಿ. ಚಪ್ಪಲಿ ಹರಿದಿದೆ, ಹೊಸದು ಹೊಲಿಸ್ಬೇಕು."

"ಮಿನೋರೀಲಿ ಚಪ್ಪಲಿ ಸಿಗಲ್ವಾ?"

"ಹೆಂಡ್ತಿ ಒಂದಿನ ನಿನ್ನ ಬಸ್ಸಲ್ಲಿ ಕೂತ್ರೆ ಟೈರು ಸವೆಯತ್ತಾ?"

ಕೋಸಿಮೊ ಬಾಗಿಲು ತೆರೆದ. ಅವಳು ಹತ್ತಿ, ನೇರ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಬಿಸಿಲಿಗೆ ಹೆಗಲೆಲ್ಲ ಕೆಂಪಾದ ಒಬ್ಬ ಉತ್ತರ ದೇಶದ ಹೆಂಗಸು. ಅವಳು ನಕ್ಕು ಬಿಸ್ಕತ್ತಿನ ಪೊಟ್ಟಣ ಮುಂದೆ ಚಾಚಿದಳು. ತ್ರೋಫಿಮೇನಾ ಒಂದು ತೆಗೆದುಕೊಂಡಳು, ತಿನ್ನಲಿಲ್ಲ.

ಹೋಗುವಾಗ ಸಮುದ್ರ ಎಡಕ್ಕೆ. ಅಮಾಲ್ಫಿಯ ಇಗರ್ಜಿಯ ಮೆಟ್ಟಿಲ ಸಾಲು ಹಾದುಹೋಯಿತು, ಕಡಲಿಗೆ ಬೆನ್ನು ಕೊಟ್ಟು ಮುದಿ ಕಾವಲುಗಾರರ ಹಾಗೆ ಕೂತಿದ್ದ ಹಳೆಯ ಗೋಪುರಗಳು ಹಾದುಹೋದವು. ಬಸ್ಸಿನಲ್ಲಿದ್ದವರೆಲ್ಲ ಹಾ, ಹೋ ಎಂದು ಎಡಗಡೆಗೆ ವಾಲಿದ್ದರು. ಅವಳೊಬ್ಬಳು ಅವನ ಕತ್ತು ನೋಡುತ್ತಿದ್ದಳು. ಪ್ರಯಾನೊ ಹತ್ತಿರ ಒಂದು ಕಡೆ ಗೋಡೆಗೂ ಬಸ್ಸಿಗೂ ನಡುವೆ ಕೈ ತೂರದಷ್ಟು ಜಾಗದಲ್ಲಿ ಅವನು ಬಸ್ಸನ್ನು ಬಳ್ಳಿಯ ಹಾಗೆ ಹೊರಳಿಸಿ ಪಾರು ಮಾಡಿದಾಗ ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಕೆಂಪು ಹೆಗಲಿನವಳು ಅವನತ್ತ ಬೆರಳು ತೋರಿಸಿ, ಹೆಬ್ಬೆರಳೆತ್ತಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ವಾರದ ಹಿಂದಾಗಿದ್ದರೆ ತ್ರೋಫಿಮೇನಾ ಹಿಗ್ಗುತ್ತಿದ್ದಳು. ಈಗ ಅನ್ನಿಸಿತು: ಇವನನ್ನು ದಿನಾ ಇಷ್ಟು ಜನ ನೋಡುತ್ತಾರೆ. ನಾನು ನೋಡುವುದು ಉಣ್ಣುವಾಗ, ಗೊರಕೆ ಹೊಡೆಯುವಾಗ.

ಪೊಸಿತಾನೊದಲ್ಲಿ ಚಪ್ಪಲಿಯವನು ಅವಳ ಕಾಲು ಅಳೆದು, ಅಲ್ಲೇ ಕೂತು ಪಟ್ಟಿ ಹೊಲಿದು ಕೊಟ್ಟ. ಬಿಗಿಯಾಯಿತು. "ನಡೀತಾ ನಡೀತಾ ಸರಿಹೋಗತ್ತಮ್ಮ," ಎಂದ. ಅವಳಿಗೆ ತಗಾದೆ ಮಾಡುವಷ್ಟೂ ವ್ಯವಧಾನವಿರಲಿಲ್ಲ. ಹನ್ನೆರಡಕ್ಕೆ ಬಸ್ಸು ಪ್ರವಾಸಿಗಳನ್ನು ಊಟಕ್ಕೆ ಅಮಾಲ್ಫಿಗೆ ಒಯ್ಯಲು ಹೊರಡುತ್ತಿತ್ತು.

ವಾಪಸು ಬರುವಾಗ ಅವಳ ಸೀಟು ಬೆಟ್ಟದ ಕಡೆಗೆ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಪ್ರಯಾನೊ ದಾಟಿದ ಮೇಲೆ ಎದುರಿಂದ ಇನ್ನೊಂದು ಬಸ್ಸು ಬಂತು. ಎರಡೂ ನಿಂತು, ಕನ್ನಡಿ ಮಡಚಿ, ಒಂದರ ಮೈಗೊಂದು ತಾಗದಂತೆ ತೆವಳಿದವು. ಡ್ರೈವರುಗಳ ಕಿಟಕಿ ಎದುರುಬದುರಾದಾಗ ಆ ಬಸ್ಸಿನ ಬೋಳುತಲೆಯವನು ಇಣುಕಿದ.

"ಏನೋ ಕೋಸಿಮೊ, ಇವತ್ತು ಬೆನ್ನ ಹಿಂದೆ ಪೊಲೀಸರನ್ನ ಕೂರಿಸ್ಕೊಂಡಿದ್ದೀಯ?"

"ನನ್ನ ಹೆಂಡ್ತಿ ಕಣೋ."

"ಅದನ್ನೇ ಹೇಳಿದ್ದು!" ಬೋಳುತಲೆಯವನು ತ್ರೋಫಿಮೇನಾಗೆ ಟೋಪಿಯಿಲ್ಲದ ತಲೆ ಮುಟ್ಟಿ ನಮಸ್ಕಾರ ಮಾಡಿದ. "ನಡಿ ನಡಿ, ಹೊತ್ತಾಯ್ತು. ಕೊಂಕಾದಲ್ಲಿ ನೀರು ಕುದಿದು ಕುದಿದು ಬತ್ತಿಹೋಗತ್ತೆ."

ಬಸ್ಸುಗಳು ಬಿಡಿಸಿಕೊಂಡವು.

"ಯಾವ ನೀರು?" ತ್ರೋಫಿಮೇನಾ ಕೇಳಿದಳು.

"ಏನೋ ತಮಾಷೆ ಅವನದು."

"ತಮಾಷೆ ಅಂದ್ರೆ ನಗ್ಬೇಕಲ್ಲ. ನೀನು ನಗ್ಲಿಲ್ಲ."

ಕೋಸಿಮೊ ಮಡಚಿದ್ದ ಕನ್ನಡಿಯನ್ನು ಮತ್ತೆ ಬಿಡಿಸಿದ. ಕತ್ತಿನ ಹಿಂಭಾಗ ಬೆವೆತಿತ್ತು. ಹಾಗಾದರೆ ಎಲ್ಲರಿಗೂ ಗೊತ್ತು. ಈ ದಂಡೆಯ ಒಬ್ಬೊಬ್ಬ ಡ್ರೈವರಿಗೂ ಗೊತ್ತು, ದೊಡ್ಡಮ್ಮನಿಗೆ ಅರ್ಧ ಗೊತ್ತು; ಗೊತ್ತಿಲ್ಲದವಳು ತಾನೊಬ್ಬಳೇ. ತಾನು ಪ್ರತಿ ಸಂಜೆ ತೋಟದಲ್ಲಿ ನಿಂತು ಹೊಸ ಮದುವಣಗಿತ್ತಿಯ ಹಾಗೆ ತಲೆ ಆಡಿಸುತ್ತಿದ್ದಾಗ ಇವರೆಲ್ಲ ಏನೆಂದುಕೊಂಡಿರಬೇಕು!

ಫುರೋರೆಯ ಸೇತುವೆ ಬಂತು. ಸುರಂಗದ ಬಾಯಲ್ಲಿರುವ ಮೇರಿಮಾತೆಯ ಗೂಡಿಗೆ ಕೋಸಿಮೊ ಎಂದಿನಂತೆ ಶಿಲುಬೆಯ ಗುರುತು ಹಾಕಿದ, ಎಂದಿಗಿಂತ ನಿಧಾನವಾಗಿ. ಸುರಂಗ ಕಳೆದು ಬೆಳಕು ರಪ್ಪನೆ ಹೊಡೆಯಿತು. ಇನ್ನೆರಡು ತಿರುವು. ಒಂದಕ್ಕೆ ಒಂದು ಉದ್ದ. ಇನ್ನೊಂದಕ್ಕೆ ಒಂದು ಉದ್ದ. ಆಮೇಲೆ ಆ ನೇರ ರಸ್ತೆ.

ತ್ರೋಫಿಮೇನಾ ಮುಂದಕ್ಕೆ ಬಾಗಿದಳು. ಸ್ಟೀರಿಂಗಿನ ಮೇಲಿದ್ದ ಅವನ ಬಲಗೈ ಹೆಬ್ಬೆರಳು ತಾನಾಗಿ ಹಾರ್ನಿನ ಕಡೆ ಸರಿಯಿತು. ನಾಲ್ಕು ವರ್ಷದ ರೂಢಿ ಅದಕ್ಕೆ. ಹೊಡೆದರೆ ನನ್ನ ಮುಖಕ್ಕೇ ಹೊಡೆದ ಹಾಗೆ, ಹೊಡೆಯದಿದ್ದರೆ ಕಳ್ಳ ಎಂದು ಒಪ್ಪಿಕೊಂಡ ಹಾಗೆ. ಅವಳಿಗೆ ತಾನು ಯಾವುದನ್ನು ಬಯಸುತ್ತಿದ್ದೇನೆಂದು ತಿಳಿಯಲಿಲ್ಲ. ಹೆಬ್ಬೆರಳು ಹಾರ್ನಿನ ಮೇಲೆ ನಿಂತಿತು. ಹಿಂದಕ್ಕೆ ಬಂತು.

ಬಸ್ಸು ಮೌನವಾಗಿ ಹಾದುಹೋಯಿತು.

ಮೇಲೆ, ನಿಂಬೆಯ ಚಪ್ಪರದ ಪಕ್ಕದಲ್ಲಿ, ಹಸಿರು ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಕಪ್ಪು ಉಡುಪಿನ ಹೆಂಗಸೊಬ್ಬಳು ಒಂದು ಕೈ ಎತ್ತಿ ನಿಂತಿದ್ದಳು. ಆ ಕೈಯಲ್ಲೇನೋ ಕಡ್ಡಿಯ ಕಂತೆಯಂಥದ್ದಿತ್ತು. ಬಸ್ಸು ದಾಟಿದ ಮೇಲೂ ಕೈ ಇಳಿಯಲಿಲ್ಲ.

"ನಿಲ್ಸು."

"ಇಲ್ಲಿ ನಿಲ್ಸೋಕಾಗಲ್ಲ ಮೇನಾ."

"ನಿಲ್ಸು ಅಂದೆ."

ರಸ್ತೆ ಸ್ವಲ್ಪ ಅಗಲವಾಗುವಲ್ಲಿ, ಹಣ್ಣಿನ ಗಾಡಿಯ ಪಕ್ಕ, ಅವನು ನಿಲ್ಲಿಸಿದ. ಪ್ರವಾಸಿಗಳು ಇದೂ ನೋಡುವ ಜಾಗವೇ ಎಂದುಕೊಂಡು ಫೋಟೊ ತೆಗೆಯತೊಡಗಿದರು.

"ಮೇನಾ, ಕೇಳು. ಅವ್ಳು..."

"ನಾಲ್ಕು ವರ್ಷ ಹೇಳ್ದೇ ಇದ್ದೋನು ಈಗ ಹೇಳ್ಬೇಡ. ನಾನೇ ಕೇಳ್ಕೋತೀನಿ."

"ಹೇಳಿದ್ರೆ ನೀನು ಹಿಂಗೇ ಮಾಡ್ತಿದ್ದೆ!"

"ಹೇಳದೇ ಇದ್ರೂ ಹಿಂಗೇ ಮಾಡ್ತಿದ್ದೀನಿ. ನಡಿ, ನಿನ್ನ ಜನ ಹಸಿದಿದ್ದಾರೆ."

ಹಿಂದೆ ಆಗಲೇ ಮೂರು ಗಾಡಿಗಳು ಕೂಗುತ್ತಿದ್ದವು. ಆ ರಸ್ತೆಯಲ್ಲಿ ಸಂಸಾರಕ್ಕೋಸ್ಕರ ನಿಲ್ಲಲು ಜಾಗವಿಲ್ಲ. ಕೋಸಿಮೊ ಹೋದ.

ನೂರ ಹನ್ನೆರಡು ಮೆಟ್ಟಿಲು. ಹೊಸ ಚಪ್ಪಲಿ ಮೊದಲ ಮೂವತ್ತರಲ್ಲೇ ಹಿಮ್ಮಡಿ ಕಚ್ಚಿತು. ಅವಳು ತೆಗೆದು ಕೈಯಲ್ಲಿ ಹಿಡಿದುಕೊಂಡು ಹತ್ತಿದಳು. ಕೈಯಲ್ಲಿ ಚಪ್ಪಲಿ ಹಿಡಿದು ಬರುವ ಹೆಂಗಸನ್ನು ಕಂಡರೆ ಯಾರಿಗಾದರೂ ಏನನ್ನಿಸುತ್ತದೆಂದು ಅವಳಿಗೆ ಹೊಳೆದದ್ದು ಹಸಿರು ಬಾಗಿಲ ಮುಂದೆ ನಿಂತ ಮೇಲೆ.

ಎರ್ಮೆಲಿಂದಾ ಇನ್ನೂ ಬಾಗಿಲಲ್ಲೇ ಇದ್ದಳು. ಕೈಯಲ್ಲಿದ್ದದ್ದು ಬೇಯಿಸದ ಒಣ ಪಾಸ್ತಾ ಕಡ್ಡಿಗಳ ಒಂದು ಹಿಡಿ. ಕೂದಲು ಪೂರ್ತಿ ಬಿಳಿ. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಅರವತ್ತೈದಕ್ಕೆ ಒಂದು ದಿನವೂ ಕಡಿಮೆಯಿಲ್ಲ. ಇಷ್ಟೇನಾ! ತ್ರೋಫಿಮೇನಾಳ ಎದೆಯೊಳಗೆ ತಣ್ಣೀರು ಸುರಿದ ಹಾಗಾಯಿತು.

"ಚಪ್ಪಲಿ ಕೆಳಗಿಡು," ಎಂದಳು ಎರ್ಮೆಲಿಂದಾ. "ಒಳಗ್ ಬಾ. ಇಲ್ಲಿ ನಿಂತು ಜಗಳ ಆಡಿದ್ರೆ ಮೇಲಿನ ಮನೆ ರೆಸ್ತಿತೂತಾಗೆ ಕೇಳ್ಸತ್ತೆ. ಅವಳ ಕಾಲು ಮಾತ್ರ ಮುರಿದಿರೋದು, ಕಿವಿ ಅಲ್ಲ."

"ನಾನ್ಯಾರು ಅಂತ ಗೊತ್ತಾ ನಿಮ್ಗೆ?"

"ಗೊತ್ತಾಗ್ದೆ ಏನು? ಬಸ್ಸು ಬಾಯಿ ಮುಚ್ಕೊಂಡು ಹೋಯ್ತು ಅಂದ್ರೆ ಒಳಗೆ ಹೆಂಡ್ತಿ ಕೂತಿದ್ದಾಳೆ ಅಂತಲೇ."

ಒಳಗೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಕಪಾಟಿನಲ್ಲಿ ಸಾಲಾಗಿ ಬದನೆಕಾಯಿಯ ಜಾಡಿಗಳು, ಎಣ್ಣೆಯಲ್ಲಿ ತೇಲುವ ಇಡೀ ಬೆಳ್ಳುಳ್ಳಿ. ತ್ರೋಫಿಮೇನಾ ಅದನ್ನು ಕಂಡಳು, ತಣ್ಣೀರು ಆರಿಹೋಯಿತು.

"ಅವನು ನಿಮಗೆ ಹಾರ್ನ್ ಯಾಕೆ ಹೊಡೀತಾನೆ?"

"ಕೂತ್ಕೋ ಮಗಾ."

"ಕೂರೋಕೆ ಬಂದಿಲ್ಲ. ಬೇರೆ ಯಾವುದಾದ್ರೂ ಹೊಡ್ದಿದ್ರೆ ನಾನು ಕೇಳೋಕೂ ಬರ್ತಿರ್ಲಿಲ್ಲ. ಅದು ನಂದು. ಎರಡು ಗಿಡ್ಡ, ಒಂದು ಉದ್ದ. ಅದು ನನ್ನ ಹೆಸರು."

"ನಿನ್ನ ಹೆಸರಾ?"

"ಮೇ, ನಾ, ಬಾ."

ಎರ್ಮೆಲಿಂದಾ ತುಟಿ ಬಿಗಿಹಿಡಿದಳು. ಆಗಲಿಲ್ಲ. ನಗು ಮೂಗಿನಿಂದ ಹೊರಬಂತು. ಹಿಡಿದಿದ್ದ ಪಾಸ್ತಾ ಕಡ್ಡಿಗಳಲ್ಲಿ ಎರಡು ನೆಲಕ್ಕೆ ಬಿದ್ದು ಮುರಿದವು.

"ಹಂಗಂದನಾ ಅವನು ನಿಂಗೆ? ಅಯ್ಯೋ ಕಳ್ಳ! ಮಗಾ, ಅದು ಹೆಸರಲ್ಲ. ಅದು ಪಾಸ್ತಾ. ನೀರ್, ಗೆ, ಹಾಕೂ! ನನ್ನ ಗಂಡ ಸಾಬಾತೊ ಕಟ್ಟಿದ್ದು. ಹಳೇ ಲೈನ್ ಬಸ್ಸಿನ ಡ್ರೈವರು ಅವನು. ಹಣ್ಣಿನ ಗಾಡಿ ನಿಲ್ಲತ್ತಲ್ಲ, ಅಲ್ಲಿ ಮಧ್ಯಾಹ್ನ ಬಸ್ಸು ನಿಲ್ಲಿಸಿ, ಬೀಗ ಹಾಕಿ, ಮೆಟ್ಟಿಲು ಹತ್ತಿ ಬರೋದಕ್ಕೆ ಹನ್ನೊಂದು ನಿಮಿಷ. ಪಾಸ್ತಾ ಬೇಯೋದಕ್ಕೂ ಹನ್ನೊಂದು ನಿಮಿಷ. ಮೂವತ್ತೊಂದು ವರ್ಷ ಒಂದಿನ ಹೆಚ್ಚು ಬೇಯಿಸಿಲ್ಲ, ಒಂದಿನ ಹಸಿ ಬಡಿಸಿಲ್ಲ."

"ಸುಳ್ಳು."

"ನಿನ್ನ ಗಂಡನ್ನೇ ಕೇಳು. ಆ ಬಸ್ಸಲ್ಲಿ ಟಿಕೆಟ್ ಹರೀತಿದ್ದೋನು ಅವನೇ ತಾನೇ? ಸಾಬಾತೊ ಹಿಂದೇನೇ ಹತ್ತಿ ಬರೋನು. ಇದೇ ಕುರ್ಚಿ. ಅವನಿಗೇ ಒಂದು ಬಸ್ಸು ಸಿಗೋವರೆಗೂ ಏಳು ವರ್ಷ ಇಲ್ಲೇ ಉಂಡಿದ್ದಾನೆ."

ತ್ರೋಫಿಮೇನಾ ಆ ಕುರ್ಚಿ ನೋಡಿದಳು. ಹುಲ್ಲು ಹೆಣೆದ, ಒಂದು ಕಡೆ ಕುಸಿದ ಕುರ್ಚಿ. ಹನ್ನೊಂದು ವರ್ಷದಿಂದ ಅವಳು ಒಡವೆಯ ಹಾಗೆ ಧರಿಸಿದ್ದ ಆ ಮೂರು ಸದ್ದನ್ನು ಅವನು ಇಲ್ಲಿ, ಬಾಯಲ್ಲಿ ಪಾಸ್ತಾ ತುಂಬಿಕೊಂಡು, ಇನ್ನೊಬ್ಬಳ ಮನೆಯಿಂದ ಎತ್ತಿಕೊಂಡು ಬಂದಿದ್ದ. ಹೊಸದೆಂದು ಕೊಟ್ಟದ್ದು, ಉಟ್ಟು ಬಿಟ್ಟ ಬಟ್ಟೆ. ಈ ಹೆಂಗಸು ಚೆಲುವೆಯಾಗಿದ್ದರೆ, ಹರೆಯದವಳಾಗಿದ್ದರೆ, ಜುಟ್ಟು ಹಿಡಿಯಬಹುದಿತ್ತು. ಇವಳನ್ನು ಏನು ಮಾಡುವುದು? ಇವಳು ಮೊದಲೇ ಇದ್ದವಳು.

"ಸಾಬಾತೊ ಹೋದ್ಮೇಲೆ," ಎರ್ಮೆಲಿಂದಾ ಈಗ ನಗುತ್ತಿರಲಿಲ್ಲ, "ಎರಡು ತಿಂಗಳು ನನಗೆ ಮಧ್ಯಾಹ್ನ ಅನ್ನೋದೇ ಬರ್ಲಿಲ್ಲ. ನೀರಿಡ್ತಿದ್ದೆ, ಅದು ಕುದಿದು ಆರಿ ಹೋಗ್ತಿತ್ತು. ಯಾವಾಗ ಹಾಕ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಗಡಿಯಾರ ಇದೆ. ಗಡಿಯಾರ ನೋಡಿ ಯಾರಿಗೆ ಹಸಿವಾಗತ್ತೆ? ನಾನೇ ರಸ್ತೆಗಿಳಿದು ನಿನ್ನ ಗಂಡನ ಬಸ್ಸು ನಿಲ್ಲಿಸಿ ಕೇಳ್ದೆ, ಹೊಡಿಯಪ್ಪಾ ಅಂದೆ. ಒಂದು ವಾರ ಯೋಚ್ನೆ ಮಾಡ್ದ. ನಿನ್ನಿಂದಾನೇ."

"ಗೊತ್ತಿತ್ತಾ ನಿಮಗೆ? ನಂಗೆ ಹೊಡೀತಾನೆ ಅಂತ?"

"ಗೊತ್ತಿಲ್ದೆ! ನಿನ್ನ ಮದುವೆಗೆ ಮುಂಚೇನೇ ಗೊತ್ತು. ಮಿನೋರೀಲಿ ಒಂದು ನಾಮಕರಣಕ್ಕೆ ಬಂದಿದ್ವಿ, ನಾನೂ ಸಾಬಾತೊನೂ. ಸಾಯಂಕಾಲ ಕೆಳಗಿಂದ ಕೇಳಿಸ್ತು. ಸಾಬಾತೊ ನನ್ನ ಪಕ್ಕದಲ್ಲೇ ಕೂತು ವೈನು ಕುಡೀತಿದ್ದಾನೆ, ರಸ್ತೆಯಿಂದ ಅವನ ಹಾರ್ನ್ ಬರ್ತಿದೆ! ಅವನು 'ಕಳ್ಳನನ್ಮಗ' ಅಂತ ಹೊಟ್ಟೆ ಹಿಡ್ಕೊಂಡು ನಕ್ಕ. ನಂಗೆ ನಗು ಬರ್ಲಿಲ್ಲ. ಯಾರವಳು ನೋಡೇಬಿಡ್ತೀನಿ ಅಂತ ನಿಮ್ಮ ತೋಟದ ಮೆಟ್ಟಿಲು ಹತ್ತಿದ್ದೆ. ಅರ್ಧಕ್ಕೆ ವಾಪಸ್ ಬಂದೆ." ಅವಳು ತ್ರೋಫಿಮೇನಾಳ ಬರಿಗಾಲು ನೋಡಿದಳು. "ನೀನು ಪೂರ್ತಿ ಹತ್ತಿದೆ."

ಪಾತ್ರೆಯ ನೀರು ಉಕ್ಕಿ ಒಲೆಯ ಮೇಲೆ ಚೊರ್ರೆಂದಿತು. ಇಬ್ಬರೂ ಅದನ್ನು ಇಳಿಸಲು ಹೋಗಲಿಲ್ಲ.

"ಮೂರು ದಿನ ಸಾಬಾತೊನ ಜೊತೆ ಮಾತು ಬಿಟ್ಟಿದ್ದೆ," ಎಂದಳು ಎರ್ಮೆಲಿಂದಾ. "ಅವನದೇನು ತಪ್ಪಿತ್ತು, ಪಾಪ. ಮೊನ್ನೆ ಮೊನ್ನೆವರೆಗೂ ಇಲ್ಲಿ ಹಾರ್ನ್ ಕೇಳಿ ಪಾಸ್ತಾ ಹಾಕೋವಾಗೆಲ್ಲ ಅನ್ಕೋತಿದ್ದೆ, ಸಾಯಂಕಾಲ ಇದೇ ಹಾರ್ನು ಅವಳಿಗೂ ಹೋಗತ್ತೆ ಅಂತ. ಆ ಬದನೆಕಾಯಿ ಕೊಟ್ಟು ಕಳಿಸ್ತಿದ್ದದ್ದು ನಿಂಗೆ ಪ್ರೀತಿಯಿಂದ ಅನ್ಕೊಂಡ್ಯಾ? ನನ್ನ ಕೈ ರುಚಿ ನಿನ್ನ ಊಟದ ಮೇಜಿನ ಮೇಲೂ ಇರ್ಲಿ ಅಂತ."

ತನ್ನೊಳಗೆ ನಾಲ್ಕು ದಿನ ಉರಿದದ್ದು ಹನ್ನೊಂದು ವರ್ಷದಿಂದ ಬೇರೊಬ್ಬಳ ಒಲೆಯಲ್ಲಿ ಉರಿಯುತ್ತಿತ್ತು. ಅದೇ ಬೆಂಕಿ, ಅದೇ ವಾಸನೆ. ಗುರುತು ಸಿಕ್ಕಿತು. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಅದು ತಣ್ಣಗಾಗಲಿಲ್ಲ.

ಗಂಡನ ತಪ್ಪಿಲ್ಲ. ಸಂತಳು ಮಾತು ಉಳಿಸಿಕೊಂಡಳು, ಮೇಣದ ಬತ್ತಿ ಹಚ್ಚಬೇಕು. ಅದನ್ನು ಹಚ್ಚುತ್ತೇನೆ.

ಎರ್ಮೆಲಿಂದಾ ಪಾಸ್ತಾದ ಹಿಡಿಯನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈ ಏಪ್ರನ್ನಿಗೆ ಒರೆಸಿಕೊಂಡಳು. ಬೇಡಿ ಅಭ್ಯಾಸವಿಲ್ಲದವರು ಬೇಡುವಾಗ ಮುಖ ಹೇಗೆ ಗಟ್ಟಿಯಾಗುತ್ತದೋ ಹಾಗೆ ಅವಳ ಮುಖ ಗಟ್ಟಿಯಾಯಿತು.

"ಈಗ ನಿಂಗೆಲ್ಲ ಗೊತ್ತಾಯ್ತು. ನೀನು ಬೇಡ ಅಂದ್ರೆ ಅವನು ಇನ್ನು ಹೊಡಿಯಲ್ಲ, ಅವನ ಮುಖ ನೋಡಿದ್ರೇ ಗೊತ್ತಾಗತ್ತೆ. ಅದಕ್ಕೇ ಕೇಳ್ತಿದ್ದೀನಿ. ಇಬ್ಬರಿಗೂ ಒಂದೇ ಆದ್ರೆ ನಿಂಗೂ ಉರಿಯತ್ತೆ, ನಂಗೂ ಉರಿಯತ್ತೆ. ನೀವು ಚಿಕ್ಕೋರು. ಬೇರೆ ಕಟ್ಕೊಳ್ಳಿ. ಮೂರು ಗಿಡ್ಡ ಮಾಡ್ಕೊಳ್ಳಿ, ಎರಡು ಉದ್ದ ಮಾಡ್ಕೊಳ್ಳಿ, ಅದಕ್ಕೆ ನಿನ್ನ ಹೆಸರಿಡ್ಲಿ, ನಿಮ್ಮಪ್ಪನ ಹೆಸರಿಡ್ಲಿ. ಮನುಷ್ಯ ಪೂರ್ತಿ ನಿನ್ನ ಹತ್ರ ಇದ್ದಾನಲ್ಲ. ರಾತ್ರಿ ಬರ್ತಾನೆ, ಬೆಳಿಗ್ಗೆ ಇರ್ತಾನೆ. ನನ್ನ ಹತ್ರ ಇರೋದು ಆ ಸದ್ದೊಂದೇ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಅದನ್ನ ನಂಗೆ ಬಿಟ್ಟುಕೊಡು ಮಗಾ."

ನ್ಯಾಯವಾದ ಮಾತು. ಇಗರ್ಜಿಯಲ್ಲಿ ಪಾದ್ರಿ ಇದನ್ನೇ ಕಥೆಯಾಗಿ ಹೇಳಿದ್ದರೆ ತ್ರೋಫಿಮೇನಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಬಿಟ್ಟುಕೊಟ್ಟವಳನ್ನು ಹೊಗಳುತ್ತಿದ್ದಳು. ಅವಳು ಆ ಬಿಳಿ ಕೂದಲನ್ನು ನೋಡಿದಳು, ಊದಿದ ಬೆರಳುಗಳನ್ನು ನೋಡಿದಳು. 'ಆಗಲಮ್ಮ' ಎಂಬ ಮಾತು ನಾಲಿಗೆಯ ಬುಡದವರೆಗೆ ಬಂತು. ಅದರ ಜೊತೆಗೇ ಹನ್ನೊಂದು ವರ್ಷದ ಹಿಂದಿನ ಆ ಹುಡುಗಿಯೂ ಬಂದಳು: ಐವತ್ತು ಕಿಲೋ ಬುಟ್ಟಿಯ ಕೆಳಗೆ ಕತ್ತು ಬಾಗಿಸಿಕೊಂಡು, ಬದುಕಿನಲ್ಲಿ ಮೊದಲ ಸಲ ಯಾರೋ ತನ್ನನ್ನು ಕರೆಯುತ್ತಿದ್ದಾರೆಂದು ಕೇಳಿಸಿಕೊಂಡವಳು. ಅವನು ಎಲ್ಲಿಂದ ಕದ್ದು ತಂದಿದ್ದರೇನು? ಅವಳಿಗೆ ಕೇಳಿಸಿದ್ದು ಪಾಸ್ತಾ ಅಲ್ಲ.

"ಇಲ್ಲ," ಎಂದಳು ತ್ರೋಫಿಮೇನಾ. "ಬಿಟ್ಟುಕೊಡಲ್ಲ."